ಅವಳ ಗಂಡನ ಸಿಆರ್‌ಪಿ

ಕುಡಿದು ಲಿವರ್ ಕೆಡಿಸಿಕೊಂಡ ಗಂಡನನ್ನು ಕಾಯುತ್ತ ಪುಣೆಯ ಆಸ್ಪತ್ರೆಯ ವಾರ್ಡಿನಲ್ಲಿ ಕೂತಿದ್ದ ದಿನಗಳಲ್ಲಿ ನನಗೆ ಈ ಲೋಕದಲ್ಲಿ ಒಬ್ಬಳ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಪಕ್ಕದ ಮಂಚದವನ ಹೆಂಡತಿ. ಯಾದಗಿರಿ ಕಡೆಯವಳು, ವಿಮಾನ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು. ಅವಳ ಗಂಡನೂ ಕುಡುಕನೇ, ಅವನ ಕಣ್ಣೂ ನನ್ನವರ ಕಣ್ಣಿನಷ್ಟೇ ಹಳದಿ. ಆದರೆ ಅವನ ಸಿಆರ್‌ಪಿ ಇಳಿಯುತ್ತಿತ್ತು.

ಸಿಆರ್‌ಪಿ ಅಂದರೆ ಮೈಯೊಳಗೆ ಉರಿಯೂತ ಎಷ್ಟಿದೆಯೆಂದು ಹೇಳುವ ರಕ್ತಪರೀಕ್ಷೆ. ಬೆಳಿಗ್ಗೆ ರಕ್ತ ತೆಗೆದರೆ ಮಧ್ಯಾಹ್ನ ರಿಪೋರ್ಟು. ಅವಳಿಗೆ ಓದಲು ಬಾರದು. ತಂದು ನನ್ನ ಕೈಗೇ ಕೊಡುತ್ತಿದ್ದಳು.

"ನೋಡ್ರಿ ಅಕ್ಕಾರ, ಇವತ್ತೂ ಇಳದದೇನ್ರಿ?"

ಇಳಿದಿರುತ್ತಿತ್ತು! ನನ್ನವರದು ಏರಿರುತ್ತಿತ್ತು. "ಇಳದದವಾ" ಎನ್ನುವಾಗ ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನ್ನ ಗಂಡ ಕುಡಿದರೂ ಮರ್ಯಾದೆಯಿಂದ ಮನೆಯಲ್ಲಿ ಕೂತು ಕುಡಿದವರು. ಅವನೋ ಬೀದಿಯಲ್ಲಿ ಬಿದ್ದವನು. ದೇವರಿಗೇನು ಕಣ್ಣಿಲ್ಲವೇ ಎಂದು ಸಿಟ್ಟು ಬರುತ್ತಿತ್ತು.

ಒಂದು ದಿನ ಅವಳು ಪೇಡೆ ತಂದು ವಾರ್ಡಿಗೆಲ್ಲ ಹಂಚಿದಳು. "ಭಾಳ ಇಳೀತ್ರಿ ಅಕ್ಕಾರ, ಇನ್ನ ಮನಿಗೆ ಕಳಸ್ತಾರ. ನಿಮ್ಮವರದೂ ಇಳೀತದ, ತಗೋರಿ." ನನಗೆ ಸಮಾಧಾನ ಬೇರೆ ಹೇಳುತ್ತಾಳೆ, ಇವಳು! ಆ ಪೇಡೆ ಬಾಯಿಗಿಡಲಾಗಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ತುರುಕಿದೆ.

ಸುಮ್ಮನಿರಲಾಗದೆ ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ, ಮರಾಠಿಯಲ್ಲಿ ಜಗಳಕ್ಕೇ ನಿಂತೆ. ಅವನಿಗೆ ಕೊಡುವ ಔಷಧ ನಮಗೇಕಿಲ್ಲ? ಅವನದು ಇಳಿಯುವಾಗ ನಮ್ಮದೇಕೆ ಏರಬೇಕು?

ಡಾಕ್ಟರು ಧ್ವನಿ ತಗ್ಗಿಸಿದರು. ಸಿಆರ್‌ಪಿಯನ್ನು ತಯಾರಿಸುವುದೇ ಲಿವರಂತೆ. ನನ್ನವರಿಗೆ ಎದೆಯಲ್ಲಿ ಸೋಂಕಿತ್ತು, ಔಷಧ ಬದಲಿಸಿದ್ದರು, ಹಿಡಿದರೆ ಇಳಿಯುತ್ತದೆ ಎಂದರು. ಪಕ್ಕದವನಿಗೂ ಸೋಂಕಿದೆ, ಆದರೆ ಅವನ ಲಿವರಿಗೆ ಅದನ್ನು ತಯಾರಿಸುವ ತ್ರಾಣವೇ ಉಳಿದಿಲ್ಲ, ಅದಕ್ಕೇ ಇಳಿಯುತ್ತಿದೆ ಎಂದರು. "ಅವನ ಹೆಂಡತಿಗೆ ಹೇಳಿದ್ದೇವೆ, ನಮ್ಮ ಮರಾಠಿ ಅರ್ಥವಾದಂತಿಲ್ಲ. ನೀವು ನಿಮ್ಮ ಭಾಷೆಯಲ್ಲಿ ಹೇಳುತ್ತೀರಾ?"

ಹೇಳಿದೆ. ಅವಳ ಕೈಯಲ್ಲಿ ಇನ್ನೂ ಪೇಡೆಯ ಖಾಲಿ ಡಬ್ಬಿಯಿತ್ತು. ಅದರ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ ಕೇಳಿದಳು:

"ಹಂಗಾದ್ರ ಏರಿದ್ರ ಲಿವರಿನ್ಯಾಗ ಇನ್ನೂ ಜೀವ ಅದ ಅಂತ ಅಲ್ರಿ? ನೀವು ಪುಣ್ಯವಂತ್ರು ಬಿಡ್ರಿ."

ಆ ವಾರವೇ ಅವನು ತೀರಿಹೋದ. ಗಂಟು ಕಟ್ಟಿಕೊಂಡು ಹೊರಟವಳು ನಮ್ಮ ಮಂಚದ ಹತ್ತಿರ ನಿಂತಳು. ಅವತ್ತು ನನ್ನವರ ಸಿಆರ್‌ಪಿ ಕೊನೆಗೂ ಇಳಿದಿತ್ತು. ಜ್ವರ ಬಿಟ್ಟಿತ್ತು, ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಸೋಂಕು ಹತೋಟಿಗೆ ಬಂದಿದೆಯೆಂದು ಡಾಕ್ಟರೇ ಹೇಳಿ ಹೋಗಿದ್ದರು. ಅವಳು ಅವರನ್ನೇ ನೋಡುತ್ತಿದ್ದಳು. ಇಷ್ಟು ದಿನ ನಾನು ಅವಳ ಗಂಡನನ್ನು ಹೇಗೆ ನೋಡಿದ್ದೆನೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅವಳ ನೆದರು ಬಿದ್ದು ದೃಷ್ಟಿಯಾಗುತ್ತದೆಂದು ಹೆದರಿ ಗಂಜಿಯ ಬಟ್ಟಲಿಗೆ ಸೆರಗು ಮರೆಮಾಡಿದೆ.

"ನಿಮ್ಮವರದು ಇಳೀತೇನ್ರಿ ಅಕ್ಕಾರ?"

"ಇಲ್ಲವಾ, ಇನ್ನೂ ಇಳಿದಿಲ್ಲ" ಎಂದು ಸುಳ್ಳು ಹೇಳಿದೆ.

ಅವಳ ಮುಖ ಅರಳಿತು. "ಛಲೋ ಆತ್ರಿ. ದೇವರು ಹಂಗ ಇಡ್ಲಿ, ಇಳೀಲಾರ್ದಂಗ ಇಡ್ಲಿ" ಎಂದು ನನ್ನ ಗಂಡನ ಕಾಲು ಮುಟ್ಟಿ ಹೋದಳು.

ಅವಳ ಜಾಗದಲ್ಲಿ ನಾನಿದ್ದಿದ್ದರೆ ನನ್ನ ಬಾಯಲ್ಲಿ ಅಂಥ ಮಾತು ಬರುತ್ತಿರಲಿಲ್ಲ. ಅವಳ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ.