ಫೋನಿಗೆ ಕದ ಕೂಡಿಸುವ ಅರ್ಜುಮಂದ್

ಸಿಂಧನೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಭತ್ತದ ನಾಟಿಗೆ ಹೊರಟ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದುಕೊಂಡು ಟಂಟಂ ಗಾಡಿಯ ದಾರಿ ಕಾಯುತ್ತಿದ್ದಾರೆ. ಮೂಲೆಯ ಮೊಬೈಲ್ ಅಂಗಡಿಯ ಶಟರ್ ಅರ್ಧ ಎತ್ತಿದೆ. ಬೆಳಗಿನ ನಮಾಜು ಮುಗಿಸಿ ಬಂದ ಅರ್ಜುಮಂದ್ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಬ್ಬಾಕೆಯ ಫೋನನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅದು ಬಿಡುವಿಲ್ಲದೆ ಟಿಣ್ ಟಿಣ್ ಎನ್ನುತ್ತಿದೆ.

"ನಾ ಏನೂ ಒತ್ತಿಲ್ಲಕ್ಕಾ. ಹೊಲಸು ಹೊಲಸು ಪಟ, ಅವ ತಾವ ಬರಾಕತ್ತಾವು."

"ತಾವ ಬರಾಕ ಅವಕ್ಕೇನು ಕಾಲು ಅದಾವ ಜ್ಯೋತಿ? ನೀ ಬಾ ಅಂದಿರಬೇಕು."

ಹೊರಗೆ ನಿಂತವರಿಗೆ ಇಷ್ಟೇ ಸಾಕು. "ನಮ್ಮ ಜ್ಯೋತಿ ಯಾರಿಗೆ ಬಾ ಅಂದಾಳೋ ಕೇಳ್ರಿ ಅಕ್ಕಾ!"

"ನಿನ್ನ ಗಂಡಗ ಅಂದೀನಿ, ಸುಮ್ಮನಿರಬೇ!" ಎಂದು ಜ್ಯೋತಿ ತಿರುಗಿ ಬೈಯುತ್ತಾಳೆ. ನಗು ಓಣಿಯ ತುದಿಯವರೆಗೂ ಹೋಗುತ್ತದೆ. ಅಷ್ಟರಲ್ಲಿ ಟಿಣ್ ಟಿಣ್ ನಿಂತಿದೆ. ಗಾಡಿ ಬರುವುದಕ್ಕೂ ಫೋನು ಅವಳ ಕೈ ಸೇರುವುದಕ್ಕೂ ಸರಿಹೋಗುತ್ತದೆ.

ಅರ್ಜುಮಂದ್ ಅವರ ಕೆಲಸ ಇದೇ. ಕರೆಯದೇ ಬರುವ ಅಶ್ಲೀಲ ಪುಟಗಳು, ಜೂಜಿನ ತಾಣಗಳು, ನಿಮ್ಮ ಫೋನಿಗೆ ರೋಗ ಬಂದಿದೆ ಎಂದು ಹೆದರಿಸುವ ಸುಳ್ಳು ಎಚ್ಚರಿಕೆಗಳು, ಇವುಗಳನ್ನು ಫೋನಿನಿಂದಲೂ ಕಂಪ್ಯೂಟರಿನಿಂದಲೂ ದೂರವಿಡುವುದು. ಒಡೆದ ಗಾಜು, ಕೆಟ್ಟ ಬ್ಯಾಟರಿಗಳನ್ನು ಮುಂದಿನ ಮೇಜಿನಲ್ಲಿ ಗಂಡ ಮುಕ್ತಿಯಾರ್ ನೋಡಿಕೊಳ್ಳುತ್ತಾರೆ. ಒಳಗಿನ ಸ್ಟೂಲು ಇವರದು. ದಿನಕ್ಕೆ ಹದಿನೈದು, ಇಪ್ಪತ್ತು ಫೋನು ಬರುತ್ತವೆ. ಅರ್ಧಕ್ಕಿಂತ ಹೆಚ್ಚು ಹೆಂಗಸರವೇ. ಅಂಥ ಫೋನನ್ನು ಗಂಡಸಿನ ಕೈಗೆ ಕೊಟ್ಟು ಇದನ್ನು ನೋಡಿ ಎನ್ನಲು ಬಾಯಿ ಬರುವುದಿಲ್ಲ. ಕೆಲಸಕ್ಕೆ ಹೋಗುವವರಿಗಾಗಿಯೇ ಅಂಗಡಿ ಇಷ್ಟು ಬೇಗ ತೆರೆಯುತ್ತದೆ.

ಮಾಡುವುದೇನು ಎಂದು ಕೇಳಿದರೆ ಅವರು ಮುಚ್ಚಿಡುವುದಿಲ್ಲ. "ಫೋನು ಯಾವ ಪುಟ ತೆಗೀಬೇಕಂದ್ರೂ ಮೊದಲ ಅದರ ವಿಳಾಸ ಕೇಳತೈತ್ರಿ. ಕೆಟ್ಟ ಮನಿ ವಿಳಾಸ ಹೇಳದವರ ಕಡೆನೇ ಕೇಳು ಅಂತ ನಾ ಸೆಟ್ಟಿಂಗಿನ್ಯಾಗ ಬರದಿಡ್ತೀನಿ. ಆಮ್ಯಾಲ, ಯಾರ‍್ಯಾರಿಗೆ ಒಳಗ ಬಾ ಅಂದೀರಿ ನೋಡಿ, ಬ್ಯಾಡಾದವರನ್ನ ಹೊರಗ ಹಾಕ್ತೀನಿ. ಅಷ್ಟರೀ." ಎಲ್ಲವೂ ನಿಲ್ಲುತ್ತದೆಯೇ? "ಇಲ್ರೀ. ಹೊಸಾವು ಹುಟ್ಟತಾವು. ಹಟ ಹಿಡದವ ತಗದ ತಗೀತಾನ. ಬ್ಯಾಡ ಅನ್ನೋರಿಗೆ ಮಾತ್ರ ನನ್ನ ಕೆಲಸ ಉಪಯೋಗ."

ಲಿಂಗಸುಗೂರಿನ ಒಂದು ಟೈಪಿಂಗ್ ಸೆಂಟರಿನ ಕಂಪ್ಯೂಟರುಗಳಿಗೂ ಮಸ್ಕಿಯ ಕೆಲವು ಮನೆಗಳ ವೈಫೈ ಡಬ್ಬಿಗಳಿಗೂ ಇವರೇ ಹೋಗಿ ಇದೇ ಏರ್ಪಾಡು ಮಾಡಿಕೊಟ್ಟಿದ್ದಾರೆ. ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ರೈತನೊಬ್ಬ ತನ್ನದೇ ಫೋನು ತಂದು, "ದೀದಿ, ಆಟದ ಚಟ ಬಿಡಬೇಕು. ಬೀಗದ ನಂಬರ್ ನೀವೇ ಇಟ್ಕೊಳ್ಳಿ, ನಾನು ಕೇಳಿದ್ರೂ ಕೊಡಬೇಡಿ" ಎಂದು ಕೈಮುಗಿದಿದ್ದ. ವಾರ ಕಳೆಯುವುದರೊಳಗೆ ಬಂದು ಕೇಳಿಯೂ ಕೇಳಿದ. ಅರ್ಜುಮಂದ್ ಚಹಾ ಕುಡಿಸಿ ಕಳಿಸಿದರು. ಈಗ ಆತ ಪೇಟೆಗೆ ಬಂದಾಗಲೆಲ್ಲ ಚಹಾಕ್ಕಾಗಿಯೇ ಬರುತ್ತಾನೆ.

ಹೆಂಡತಿಯ ಫೋನಿನಲ್ಲಿ ಏನಿದೆ ಎಂದು ಗುಟ್ಟಾಗಿ ತನಗೆ ಕಾಣುವಂತೆ ಮಾಡಿಕೊಡು ಎನ್ನುವವರೂ ಬರುತ್ತಾರೆ. ಅವರಿಗೆ ಚಹಾ ಇಲ್ಲ. "ನಾ ಕದ ಕೂಡಸಾಕಿ. ಇನ್ನೊಬ್ಬರ ಮನಿಗೆ ಕಿಂಡಿ ಕೊರಿಯಾಕಿ ಅಲ್ಲ" ಎಂದು ಹೇಳಿ ಮುಂದಿನ ಫೋನು ತೆಗೆದುಕೊಳ್ಳುತ್ತಾರೆ.

ಅರ್ಜುಮಂದ್ ಅವರ ತಂದೆ ದಸ್ತಗೀರ್‌ಸಾಬ್ ಇದೇ ಓಣಿಯಲ್ಲಿ ಟೇಪ್‌ರೆಕಾರ್ಡರ್, ಮೈಕ್‌ಸೆಟ್ ರಿಪೇರಿ ಮಾಡುತ್ತಿದ್ದರು. ದರ್ಗಾದ ಉರುಸಿಗೂ ಮಠದ ಪುರಾಣಕ್ಕೂ ಅವರದೇ ಮೈಕು. ಪುರಾಣ ಹೇಳುವವರ ಧ್ವನಿ ಒಡೆದರೆ ಕೇಳುವವರ ಮನಸ್ಸು ಚದುರುತ್ತದೆ ಎಂದು ಊಟ ಬಿಟ್ಟು ತಂತಿ ಬೆಸೆಯುತ್ತಿದ್ದರಂತೆ. ಮಗಳು ಪಕ್ಕದಲ್ಲಿ ಕುಳಿತು ಬೆಸುಗೆ ಕಲಿತಳು, ಪಿಯುಸಿ ಮುಗಿಸಿದಳು, ಮದುವೆಯ ನಂತರ ಮೊಬೈಲಿನ ಕೆಲಸ ಹಿಡಿದಳು.

ಮೊದಮೊದಲು ಜನ ಆಡಿಕೊಂಡರು. ಹೊಲಸನ್ನು ತಡೆಯುವವಳು ಹೊಲಸನ್ನು ನೋಡಲೇಬೇಕಲ್ಲ. ಮಾತು ಅತ್ತೆ ಪೀರ್‌ಬೀ ಅವರ ಕಿವಿಗೂ ಬಿತ್ತು. ಅವರು ಒಂದು ದಿನ ತಟ್ಟಿನ ಚೀಲ ಹಾಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲೇ ಕುಳಿತರು. ಬಂದವರನ್ನು ನೋಡಿದರು, ಹೋಗುವಾಗಿನ ಅವರ ಮುಖವನ್ನೂ ನೋಡಿದರು. ಸಂಜೆ ಓಣಿಗೆಲ್ಲ ಕೇಳುವಂತೆ ಹೇಳಿದರು: "ದವಾಖಾನ್ಯಾಗ ನರ್ಸಮ್ಮ ಏನೇನು ತೊಳಿತಾಳ, ಅಕಿಗ್ಯಾರು ಏನಂತೀರಿ? ನನ್ನ ಸೊಸಿಗ್ಯಾಕ ಅಂತೀರಿ?" ಆಮೇಲೆ ಯಾರೂ ಎದುರಿಗೆ ಅಂದಿಲ್ಲ.

ಈ ಶ್ರಾವಣದಲ್ಲಿ ಬಂದ ಒಬ್ಬರ ವಿಷಯವನ್ನು ಅರ್ಜುಮಂದ್ ಇದನ್ನು ಬರೆಯುತ್ತಿರುವ ನನಗೆ ತಾವಾಗಿ ಹೇಳಲಿಲ್ಲ. "ಬರೀರಿ, ನನ್ನಂಗ ಸುಮ್ಮನ ಸಂಕಟ ಪಡೋರು ಎಷ್ಟ ಮಂದಿ ಅದಾರೋ" ಎಂದು ಆಕೆಯೇ ಒಪ್ಪಿದ ಮೇಲೆ ಹೇಳಿದರು.

ತುರ್ವಿಹಾಳದ ವೀರಭದ್ರಮ್ಮನವರು ಮಠದ ಸೋಮವಾರದ ಭಜನೆಯಲ್ಲಿ ಮುಂದಾಗಿ ಹಾಡುವವರು. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲರು, ಆದರೆ ಪುಸ್ತಕದ ಸಣ್ಣ ಅಕ್ಷರ ಈಗ ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ಫೋನಿನಲ್ಲಿ ತತ್ವಪದ ಹಚ್ಚಿಕೊಂಡು, ಅರ್ಧ ಸಾಲು ಕೇಳಿ, ನಿಲ್ಲಿಸಿ, ಅದನ್ನೇ ನಾಲ್ಕು ಸಲ ಹೇಳಿಕೊಂಡು ಕಲಿಯುತ್ತಾರೆ. ಒಂದು ನಸುಕಿನಲ್ಲಿ, ವಿಭೂತಿ ಧರಿಸಿ ಫೋನು ಕೈಗೆ ತೆಗೆದುಕೊಂಡಾಗ, ಪದ ಬರುವ ಜಾಗದಲ್ಲಿ ನೋಡಬಾರದ ಪಟ ಬಂತು. ಮರುದಿನ ಮತ್ತೆರಡು. ನಡುವೆ ಮೊಮ್ಮಗ ಯಾವುದೋ ಮಾತಿಗೆ, "ಫೋನು ಯಾರು ಏನು ನೋಡ್ತಾರೋ ಅದನ್ನ ತೋರಸತೈತಮ್ಮಾ" ಎಂದುಬಿಟ್ಟಿದ್ದ. ಆ ಮಾತು ವೀರಭದ್ರಮ್ಮನವರ ಎದೆಯಲ್ಲಿ ನಟ್ಟಿತು. ಇದು ತನ್ನ ಮನಸ್ಸಿನ ಮೈಲಿಗೆಯೇ, ಈ ಬಾಯಿಂದ ಶಿವನ ಪದ ಹಾಡಬಾರದು ಎಂದುಕೊಂಡರು. ಫೋನನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಡಬ್ಬಿಯಲ್ಲಿ ಹುಗಿದರು. ಭಜನೆಗೆ ಹೋದರೂ ಹಿಂದಿನ ಕಂಬಕ್ಕೆ ಒರಗಿ ಕುಳಿತರು, ಬಾಯಿ ತೆರೆಯಲಿಲ್ಲ. ಗಂಟಲು ಕೆಟ್ಟಿದೆ ಎಂದರು. ಸೊಸೆ ಶೈಲಜಾ ದಿನವೂ ಮೆಣಸಿನ ಕಷಾಯ ಕುದಿಸಿ ಕೊಟ್ಟಳು. ಕುಡಿದರು.

ಒಂದು ಬೆಳಿಗ್ಗೆ ಒಬ್ಬರೇ ಬಸ್ಸು ಹತ್ತಿ ಸಿಂಧನೂರಿಗೆ ಬಂದರು. ಅಂಗಡಿಯ ಮುಂದೆ ನಿಂತವರೇ, "ನಿನ್ನ ಗಂಡನ್ನ ಒಂಚೂರು ಹೊರಗ ಕಳಸವ್ವಾ" ಎಂದರು. ಮುಕ್ತಿಯಾರ್ ಏನೂ ಕೇಳದೆ ಚಹಾ ತರಲು ಎದ್ದು ಹೋದರು. ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟ ವೀರಭದ್ರಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತು, ಮೊಮ್ಮಗನ ಮಾತನ್ನೂ ತನ್ನ ಮೈಲಿಗೆಯ ಅಳುಕನ್ನೂ ಹೇಳಿಕೊಂಡರು.

ಅರ್ಜುಮಂದ್‌ಗೆ ಕಾರಣ ಕಾಣಲು ತಡವಾಗಲಿಲ್ಲ. ಪದಗಳನ್ನು ಪುಕ್ಕಟೆ ಕೊಡುತ್ತೇವೆ ಎನ್ನುವ ಒಂದು ಪುಟ, ಸಂದೇಶ ಕಳಿಸಲೇ ಎಂದು ಕೇಳಿತ್ತು. ಇವರು ಅನುಮತಿ ಒತ್ತಿದ್ದರು. ಅದು ಇನ್ನೊಂದು ಪುಟಕ್ಕೆ ಕರೆದೊಯ್ದಿತ್ತು. ಅದೂ ಕೇಳಿತ್ತು. ಅದಕ್ಕೂ ಒತ್ತಿದ್ದರು.

"ಅಮ್ಮಾ, ಕೇಳಿದವರಿಗೆಲ್ಲ ಹೂಂ ಅಂದೀರಲ್ರೀ!"

"ಒಳಗ ಬರ‍್ಲ್ಯಾ ಅಂತ ಮರ್ಯಾದಿಯಿಂದ ಕೇಳತಾವು. ಬಾಗಲಿಗೆ ಬಂದವರಿಗೆ ಒಲ್ಲೆ ಅನ್ನೋದು ಹೆಂಗವ್ವಾ? ಅದೂ ದೇವರ ಪದ ಕೊಡೋರಿಗೆ?"

"ಅಲ್ಲೇ ಆಗೇತಿ ನೋಡ್ರಿ. ಇದು ನಿಮ್ಮ ಮನಸಿನ್ಯಾಗಿಂದ ಬಂದದ್ದಲ್ಲ. ನೀವು ಪದ ಕೇಳಾಕ ಹೋದ್ರಿ, ಅವರು ಬಾಗಲದಾಗ ಕಾಯಾಕತ್ತಿದ್ರು."

"ಹಂಗಾರ ನನ್ನಿಂದಲ್ಲ?"

"ಅಲ್ಲರೀ."

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ. ನೀ ನಮಾಜು ಮಾಡಾಕಿ."

"ನಮಾಜು ಮಾಡಾಕಿ ಅಂತನ ಹೇಳಾಕತ್ತೀನ್ರಿ. ಅಲ್ಲ."

ಆಗ ವೀರಭದ್ರಮ್ಮ ಗೋಡೆ ಬಿಟ್ಟು ಈ ಕಡೆ ತಿರುಗಿದರು. ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತು ಮುಗಿಯುವ ಹೊತ್ತಿಗೆ ಮುಕ್ತಿಯಾರ್ ಚಹಾ ತಂದಿದ್ದರು. "ಅಯ್ಯ, ಆ ಕಷಾಯ ಕುಡದು ಕುಡದು ನಾಲಿಗಿ ಸತ್ತಿತ್ತಪ್ಪ" ಎನ್ನುತ್ತ ಎರಡು ಲೋಟ ಕುಡಿದರು.

ಅರ್ಜುಮಂದ್ ಅನುಮತಿಗಳನ್ನೆಲ್ಲ ತೆಗೆದು, ವಿಳಾಸದ ಏರ್ಪಾಡು ಮಾಡಿ, ಕೊನೆಗೆ ಬೇಡ ಎನ್ನುವ ಗುಂಡಿಯನ್ನು ತೋರಿಸಿದರು. ಅದನ್ನು ಒತ್ತಲು ವೀರಭದ್ರಮ್ಮನವರ ಬೆರಳು ಹಿಂಜರಿಯುತ್ತಲೇ ಇತ್ತು. "ಬಾಗಲಿಗೆ ಬಂದವರಿಗೆ ಕೊಡಾಕ ಏನೂ ಇಲ್ಲದಾಗ ನೀವು ಏನಂತೀರಿ?" ಎಂದು ಅರ್ಜುಮಂದ್ ಕೇಳಿದರು.

"ಮುಂದ ಹೋಗಪ್ಪ ಅಂತೀವಿ."

"ಇದು ಅದೇ ಗುಂಡಿ ರೀ."

ವೀರಭದ್ರಮ್ಮ ಒತ್ತಿದರು. ಒತ್ತುವಾಗ ಬಾಯಲ್ಲಿಯೂ ಮೆಲ್ಲಗೆ ಹಾಗೇ ಅಂದರಂತೆ.

ಆದರೂ ಅರ್ಜುಮಂದ್‌ಗೆ ಒಂದು ಅನುಮಾನ ಉಳಿದಿತ್ತು. "ಫೋನು ಶುದ್ಧ ಮಾಡೋದು ನನಗ ಗೊತ್ರಿ. ಅಷ್ಟ ದಿನ ತನ್ನನ್ನ ತಾ ಬೈಕೊಂಡ ಜೀವ ಮತ್ತ ಹಾಡತೈತೋ ಇಲ್ಲೋ, ಅದು ನನ್ನ ಕೈಯಾಗಿಲ್ಲಲ್ರೀ." ಹಾಡಿದಿರಾ ಎಂದು ಫೋನು ಮಾಡಿ ಕೇಳಲು ಮನಸ್ಸು ಬರಲಿಲ್ಲ. ಕೇಳಿದರೆ ಆಕೆಗೆ ಆ ಪಟಗಳೇ ನೆನಪಾಗಬಹುದು.

ಸೋಮವಾರ ಮಧ್ಯಾಹ್ನ ಅರ್ಜುಮಂದ್ ತುರ್ವಿಹಾಳಕ್ಕೆ ಹೋಗುವ ದಿನ. ರಿಪೇರಿಯಾದ ಫೋನುಗಳನ್ನು ಮನೆಗೆ ಮುಟ್ಟಿಸಿ, ಅಂಗಡಿಗೆ ಬರಲಾಗದವರ ಕೆಲಸವನ್ನು ಅಲ್ಲೇ ಮಾಡಿಕೊಟ್ಟು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಾರೆ. ಶ್ರಾವಣದ ಕೊನೆಯ ಸೋಮವಾರ ನಾನೂ ಜೊತೆಗೆ ಹೋಗಿದ್ದೇನೆ. ಹೊತ್ತು ಮುಳುಗುವ ಸಮಯಕ್ಕೆ ಬಸ್ ನಿಲ್ಲುವ ಮರದ ಕೆಳಗೆ ನಿಂತಿದ್ದೇವೆ. ಮಠದ ಮೈಕಿನಿಂದ ಭಜನೆ ಕೇಳುತ್ತಿದೆ. ಒಬ್ಬ ಗಂಡಸು ಹಾಡುತ್ತಾನೆ, ಆಮೇಲೆ ಎಳೆಯ ಧ್ವನಿಯ ಇಬ್ಬರು ಹುಡುಗಿಯರು. ಅರ್ಜುಮಂದ್ ಮಾತು ನಿಲ್ಲಿಸಿ ಆ ಕಡೆಯೇ ನೋಡುತ್ತಾರೆ.

ತಾಳ ನಿಲ್ಲುತ್ತದೆ. ಕೆಮ್ಮು ಕೇಳುತ್ತದೆ. ಆಮೇಲೆ ಒಂದು ಮುದಿ ಧ್ವನಿ, ಮೊದಲ ಸಾಲಿನ ಅರ್ಧಕ್ಕೆ ನಿಂತು, ಉಸಿರು ತೆಗೆದುಕೊಂಡು, ಅದನ್ನೇ ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತದೆ. ಈ ಸಲ ನಿಲ್ಲುವುದಿಲ್ಲ. ಎರಡನೆಯ ಸಾಲಿಗೆ ಹಿಂದಿನ ಹೆಂಗಸರೆಲ್ಲ ದನಿಗೂಡಿಸುತ್ತಾರೆ.

"ಅವರೇ ರೀ," ಎನ್ನುತ್ತಾರೆ ಅರ್ಜುಮಂದ್.

ಸಿಂಧನೂರಿನ ಬಸ್ಸು ಬಂದು ನಿಲ್ಲುತ್ತದೆ. "ಹತ್ರೀ ಅಕ್ಕಾರ, ಲಗೂನ!" ಎಂದು ಕಂಡಕ್ಟರ್ ಬಾಗಿಲು ಬಡಿಯುತ್ತಾನೆ. ಅರ್ಜುಮಂದ್ ಚೀಲವನ್ನು ಹೆಗಲಿಂದ ಇಳಿಸಿ ಕಟ್ಟೆಯ ಮೇಲಿಡುತ್ತಾರೆ.

"ನೀವು ನಡೀರಿ ಅಣ್ಣಾ. ಈ ಪದ ಮುಗೀಲಿ, ನಾ ಹಿಂದ ಬರೋ ಬಸ್ಸಿಗೆ ಬರ‍್ತೀನಿ."