ತರಗಿಗೆ ನಾನೇ ಹಾಕಿದ ಬೆಂಕಿ

ಬೆಂಕಿ ಹಾಕಿದವಳು ನಾನೇ. ಊರಲ್ಲಿ ಕೆಲವರು ಕರೆಂಟಿನ ತಂತಿ ಕಿಡಿ ಉದುರಿಸಿತು ಅಂದರು, ಕೆಲವರು ಯಾರೋ ಬೀಡಿ ಎಸೆದರು ಅಂದರು. ನನ್ನ ಮುಖ ನೋಡಿಕೊಂಡು ಹಾಗೆ ಹೇಳಿದರೋ ಏನೋ. ಕಡ್ಡಿ ಗೀರಿದ್ದು ಈ ಕೈಯೇ.

ನಮ್ಮ ಮನೆ ಊರೊಳಗಿಲ್ಲ. ಕಿರುಗಾವಲು ದಾಟಿ ಒಳಕ್ಕೆ ಬಂದರೆ ನಾಲೆ ಏರಿ, ಏರಿ ಇಳಿದರೆ ನಮ್ಮ ಗದ್ದೆ, ಗದ್ದೆಯ ಕೊನೆಗೆ ಮನೆ. ಹೆಂಚಿನ ಮನೆ, ಪಕ್ಕದಲ್ಲಿ ಸೋಗೆ ಹೊದಿಸಿದ ಕೊಟ್ಟಿಗೆ, ಕೊಟ್ಟಿಗೆಗೆ ತಾಗಿದಂತೆ ಹುಲ್ಲಿನ ಮೆದೆ. ಬೋರು ಮಾತ್ರ ಗದ್ದೆಯ ಆ ತುದಿಯಲ್ಲಿದೆ. ಅಲ್ಲಿಂದ ಒಂದು ಕಪ್ಪು ಪೈಪು ಗದ್ದೆಯ ನಡುವೆ ಹಾದು ಬಂದು ಮನೆ ಮುಂದಿನ ತೊಟ್ಟಿಗೆ ನೀರು ಬಿಡುತ್ತಿತ್ತು.

ಮೊದಲು ಪೈಪು ಇರಲಿಲ್ಲ. ಬದುವಿನ ಮಗ್ಗುಲಲ್ಲೇ ಬಂದು ಮನೆ ಮುಂದಕ್ಕೆ ತಿರುಗುವ ಮಣ್ಣಿನ ಕಾಲುವೆ ಇತ್ತು. ಬದುವಿನ ಆಚೆ ಗದ್ದೆ ನನ್ನ ಮೈದುನನ ಮಗನದು. ಕಾಲುವೆ ನೀರು ಬದುವನ್ನು ಕೊರೆಯುತ್ತದೆ ಅಂತ ಅವನು ತಕರಾರು ತೆಗೆದ. ನಾನು ಸತ್ತುಹೋದ ಅವನ ಅಪ್ಪನನ್ನೂ ಸೇರಿಸಿ ಬೈದೆ. ಮಾರನೆಯ ದಿನ ಅವನು ಕಾಲುವೆಯ ತಿರುವಿಗೆ ಎರಡು ಗಾಡಿ ಮಣ್ಣು ಸುರಿದು ಮುಚ್ಚಿದ. ನಾನು ಹಟಕ್ಕೆ ಪೈಪು ಹಾಕಿಸಿದೆ. ಆಮೇಲೆ ಆರು ವರ್ಷ ಮಾತಿಲ್ಲ. ಒಂದೇ ಸಾವಿನ ಮನೆಯಲ್ಲಿ ಎದುರುಬದುರು ಕೂತರೂ ಅವನು ಗೋಡೆ ನೋಡುತ್ತಿದ್ದ, ನಾನು ಹೆಣ ನೋಡುತ್ತಿದ್ದೆ.

ಕಬ್ಬು ಕಡಿದು ಲಾರಿ ಹೋದ ಮೇಲೆ ಗದ್ದೆ ತುಂಬ ಒಣ ಎಲೆಯ ತರಗು ಮೊಣಕಾಲುದ್ದ ಬಿದ್ದಿರುತ್ತದೆ. ಅದನ್ನು ಸುಟ್ಟು ನೀರು ಕಟ್ಟಿದರೆ ನೆಲದಲ್ಲುಳಿದ ಕೂಳೆ ಬೇಗ ಚಿಗುರುತ್ತದೆ. ಸುಡುವುದಕ್ಕೆ ಒಂದು ಕ್ರಮವಿದೆ. ಸುತ್ತ ಎರಡು ಮಾರು ತರಗು ಎಳೆದು ಬರಿ ನೆಲ ಮಾಡಬೇಕು, ಸಂಜೆ ಗಾಳಿ ಬಿದ್ದ ಮೇಲೆ ಹಚ್ಚಬೇಕು, ಅಕ್ಕಪಕ್ಕದವರಿಗೆ ಒಂದು ಮಾತು ಹೇಳಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ವಾರ ಮೋಟರಿನ ಕರೆಂಟು ಬೆಳಗಿನ ಹೊತ್ತು ಮಾತ್ರ ಇತ್ತು. ನೀರು ಕೈಯಲ್ಲಿರುವಾಗಲೇ ಹಚ್ಚುವುದು ಜಾಣತನ ಅಂದುಕೊಂಡೆ. ಪಕ್ಕದವನಿಗೆ ಹೇಳಬೇಕೆಂದರೆ ಮಾತಾಡಬೇಕಲ್ಲ, ಅದನ್ನು ಬಿಟ್ಟೆ. ಮನೆ ಕಡೆ ತರಗು ಎಳೆಯುವುದನ್ನೂ ಅರ್ಧಕ್ಕೆ ನಿಲ್ಲಿಸಿದೆ.

ಗಾಳಿ ಮನೆ ಕಡೆಯಿಂದ ಬೋರಿನ ಕಡೆಗೆ ಬೀಸುತ್ತಿತ್ತು. ಮೋಟರ್ ಹಾಕಿ, ಬೋರಿನ ಹತ್ತಿರವೇ ಹಚ್ಚಿದೆ. ಬೆಂಕಿ ಗಾಳಿಗೆದುರಾಗಿ ನಿಧಾನ ತೆವಳುತ್ತಿತ್ತು. ನಾನು ಬದು ಹಿಡಿದು ಮನೆಗೆ ಬಂದು ತೊಟ್ಟಿಯ ಹತ್ತಿರ ಪೈಪಿನ ಬಾಯಿ ಹಿಡಿದು ನಿಂತೆ. ನೀರು ಜೋರಾಗಿಯೇ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ನೀರು ಸಣ್ಣಗಾಯಿತು. ಆಮೇಲೆ ನಿಂತೇಹೋಯಿತು. ಮೋಟರಿನ ಸದ್ದು ಮಾತ್ರ ಕೇಳಿಸುತ್ತಲೇ ಇತ್ತು.

ಸೊಸೆ ಕೊಟ್ಟಿಗೆಯಿಂದ ಬಂದಳು. "ಅತ್ತೆ, ಕರೆಂಟ್ ಓಯ್ತಾ?"

"ಇಲ್ಲ ಕಣವ್ವ, ಮೋಟ್ರು ಓಡ್ತಾನೇ ಐತಲ್ಲ."

"ಮತ್ತೆ ನೀರು ಎಲ್ಲೋಯ್ತು? ಪೈಪು ಎಲ್ಲೈತೆ?"

ಆಗ ನನಗೆ ಹೊಳೆಯಿತು. ಪೈಪು ಇದ್ದದ್ದು ತರಗಿನ ಅಡಿಯಲ್ಲಿ. ಆರಿಸಬೇಕಾದ ನೀರಿನ ದಾರಿಯ ಮೇಲೆಯೇ ನಾನು ಬೆಂಕಿ ಹಚ್ಚಿದ್ದೆ. ಜಾಯಿಂಟು ಕರಗಿ ಬಿಟ್ಟುಕೊಂಡು, ಎಲ್ಲ ನೀರೂ ಸುಟ್ಟು ಮುಗಿದ ಜಾಗದಲ್ಲಿ ಹರಿಯುತ್ತಿತ್ತು.

ಅದೇ ಹೊತ್ತಿಗೆ ಗಾಳಿ ತಿರುಗಿತು. ತೆವಳುತ್ತಿದ್ದ ಬೆಂಕಿ ಎದ್ದು ನಿಂತಿತು. ಮನೆ ಕಡೆಗೆ.

ಸೊಸೆ ದನ ಬಿಚ್ಚಲು ಓಡಿದಳು. ನಾನು ಏರಿಯ ಕಡೆ ತಿರುಗಿ ಬಾಯಿ ಬಡಿದುಕೊಂಡೆ. ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಬಟ್ಟೆ ಹೊತ್ತುಕೊಂಡೇ ಬಂದರು. ಊರಿನವರು ಹೊಂಗೆ ಸೊಪ್ಪು ಮುರಿದುಕೊಂಡು ಬಂದರು. ಯಾರೋ ಫೈರ್ ಇಂಜಿನ್ನಿಗೆ ಫೋನು ಮಾಡಿದರು. ಮಳವಳ್ಳಿಯಿಂದ ಬರಬೇಕು, ಬೆಂಕಿ ಅಷ್ಟು ಹೊತ್ತು ಕಾಯುವುದಿಲ್ಲ ಎನ್ನುವುದು ಕಣ್ಣಿಗೇ ಕಾಣುತ್ತಿತ್ತು.

ಕಿರುಗಾವಲಿನ ಮೋಟರ್ ಮೆಕ್ಯಾನಿಕ್ ಭಾಯಿ ಆ ದಿನ ಪಕ್ಕದ ಬೋರಿಗೆ ಬಂದಿದ್ದ. ಬೋರಿನ ಕಡೆ ಆಗಲೇ ಸುಟ್ಟು ಕರಿ ನೆಲವಾಗಿತ್ತು. ಅವನು ನಮ್ಮ ಬೋರಿನ ಹತ್ತಿರಕ್ಕೆ ಓಡಿಬಂದು ಅಲ್ಲಿಂದಲೇ ಕೂಗಿದ.

"ಅಮ್ಮಾ, ಪೈಪ್ ಕುಯ್ದಾಕ್ತೀನಿ! ನೀರು ಅಳೇ ಕಾಲ್ವೆಗೆ ಬುಡ್ಲಾ?"

"ಬುಡಪ್ಪಾ! ಆದ್ರೆ ತಿರುವಲ್ಲಿ ಮುಚ್ಚೈತೆ ಕಣೋ!"

ಮುಚ್ಚಿದವನು ಬದುವಿನ ಮೇಲೆ ನಿಂತಿದ್ದ. ಕೈಯಲ್ಲಿ ಗುದ್ದಲಿ. ನನ್ನ ಮುಖ ನೋಡಲಿಲ್ಲ. ಇಳಿದು ತಾನು ಹಾಕಿದ ಮಣ್ಣನ್ನು ತಾನೇ ಕಡಿಯತೊಡಗಿದ. ಆರು ವರ್ಷದ ಮಣ್ಣು ಕಲ್ಲಾಗಿತ್ತು. ಇನ್ನಿಬ್ಬರು ಸೇರಿದರು. ನೀರು ಬಂತು, ಹುಲ್ಲು ತುಂಬಿದ ಕಾಲುವೆಯಲ್ಲಿ ನಿಂತು ನಿಂತು ಬಂತು. ಹೆಂಗಸರು ಅದರ ಮುಂದೆ ಮುಂದೆ ಕೈಯಲ್ಲೇ ಹುಲ್ಲು ಕೀಳುತ್ತ ದಾರಿ ಮಾಡಿದರು. ಮನೆ ಮುಂದೆ ಕಾಲುವೆ ತುಂಬಿತು. ಬಿಂದಿಗೆಯಲ್ಲಿ ಮೊಗೆದು ಮೆದೆಗೆ, ಕೊಟ್ಟಿಗೆಯ ಸೋಗೆಗೆ ಎರಚಿದೆವು. ಅಷ್ಟು ದೊಡ್ಡ ಮೆದೆಗೆ ಅದು ಎಲ್ಲಿ ಸಾಕು?

ಮೈದುನನ ಮಗ ನನ್ನೆದುರು ಬಂದು ನಿಂತ. ಕಾಲುವೆಗೂ ಬೆಂಕಿಗೂ ನಡುವೆ ಇನ್ನೂ ಹತ್ತು ಮಾರು ತರಗು ಉಳಿದಿತ್ತು.

"ದೊಡ್ಡವ್ವ, ಎದುರು ಬೆಂಕಿ ಕೊಡ್ಬೇಕು. ಕಾಲ್ವೆ ಅಂಚಿಂದ್ಲೇ ಹಚ್ತೀನಿ. ಅದು ಬರೋ ಒತ್ಗೆ ಇಲ್ಲಿ ತಿನ್ನಕ್ಕೆ ಏನೂ ಇರ್ಬಾರ್ದು."

"ಮೆದೆ ಇಲ್ಲೇ ಐತಲ್ಲೋ! ಒಂದ್ ಕಿಡಿ ಹಾರುದ್ರೆ?"

"ಹಾರುದ್ರೆ ಓಯ್ತದೆ. ಹಚ್ದೇ ಇದ್ರೂ ಓಯ್ತದೆ. ಬೇಗ ಹೇಳು."

ಆರು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಅದು. ನನ್ನ ಮನೆಯಿಂದ ಕಲ್ಲೆಸೆಯುವಷ್ಟು ದೂರದಲ್ಲಿ ಬೆಂಕಿ ಹಚ್ಚಲು ನನ್ನ ಹಗೆಯವನಿಗೆ ನಾನು ಹೂಂ ಅನ್ನಬೇಕಿತ್ತು. ಬೆಳಿಗ್ಗೆ ನನ್ನ ಬುದ್ಧಿ ನಂಬಿ ಮಾಡಿದ್ದು ಎದುರಿಗೇ ಉರಿಯುತ್ತಿತ್ತು. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಅವನ ಕೈಗೆ ಹಾಕಿದೆ.

"ಹಚ್ಚು."

ಅವನು ಕಾಲುವೆಯ ಉದ್ದಕ್ಕೂ ಬಗ್ಗಿ ಹಚ್ಚುತ್ತ ಹೋದ. ಒದ್ದೆ ಗೋಣಿ, ಹೊಂಗೆ ಸೊಪ್ಪು ಹಿಡಿದು ನಾವೆಲ್ಲ ಕಾಲುವೆಯ ಈಚೆ ಸಾಲಾಗಿ ನಿಂತೆವು. ಈಚೆ ಹಾರಿದ ಕಿಡಿಯನ್ನೆಲ್ಲ ಬಡಿದೆವು. ಹೊಗೆಯಲ್ಲಿ ಪಕ್ಕದವರ ಮುಖ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು.

ಆಗ ಅವನ ಹೆಂಡತಿ ಬದುವಿನ ಮೇಲಿಂದ ಕಿರುಚಿದಳು. "ನಮ್ ಕಬ್ಬುಗ್ ಬಿತ್ತು! ಬನ್ರೀ! ನಮ್ ಕಬ್ಬು!"

ಉರಿಯುವ ತರಗು ಗಾಳಿಗೆ ಹಾರಿ ಬದು ದಾಟಿ ನಿಂತ ಕಬ್ಬಿಗೆ ಬಿದ್ದಿತ್ತು. ಅವನು ಒಂದು ಸಲ ತಿರುಗಿ ನೋಡಿದ. ಮೆದೆಯ ಎದುರಿನ ತುಂಡಿಗೆ ಇನ್ನೂ ಹಚ್ಚಿರಲಿಲ್ಲ.

"ಓಗೋ!" ಅಂದೆ. "ನಿನ್ ಕಬ್ಬು ನೋಡ್ಕೋ ಓಗು!"

"ಸುಮ್ಕಿರು ದೊಡ್ಡವ್ವ, ಬಾಯಿ ಮುಚ್ಕಂಡು ಬಡಿ!" ಅಂದವನು, ಊರಿನ ಗಂಡಸರನ್ನು ಆ ಕಡೆ ಅಟ್ಟಿ, ತಾನು ಉಳಿದ ತುಂಡಿಗೆ ಹಚ್ಚಿ ಮುಗಿಸಿದ.

ದೊಡ್ಡ ಬೆಂಕಿ ಬಂತು. ಎದುರು ಬೆಂಕಿ ಸುಟ್ಟು ಕರಿ ಮಾಡಿದ ಜಾಗದವರೆಗೂ ಬಂತು. ಎರಡೂ ಕೂಡಿ ಒಮ್ಮೆ ಮೇಲೆದ್ದವು. ನನ್ನ ರೆಪ್ಪೆಯ ಕೂದಲು ಕಮರಿತು. ಆಮೇಲೆ ತಿನ್ನಲು ಏನೂ ಸಿಗದೆ ಬೆಂಕಿ ಕೂತುಬಿಟ್ಟಿತು. ಮೆದೆ ಉಳಿಯಿತು. ಮನೆ, ಕೊಟ್ಟಿಗೆ ಉಳಿದವು. ಅವನು ಆಗ ಬದು ಹಾರಿ ತನ್ನ ಗದ್ದೆಗೆ ಓಡಿದ. ಫೈರ್ ಇಂಜಿನ್ ಬಂದು ಅವನ ಕಬ್ಬಿನಲ್ಲಿ ಉಳಿದ ಬೆಂಕಿ ಆರಿಸಿತು. ಅಷ್ಟರಲ್ಲಿ ಬದುವಿನ ಪಕ್ಕದ ಏಳೆಂಟು ಸಾಲು ಕಮರಿಹೋಗಿತ್ತು.

ಬೆಂಕಿ ತಾಗಿದ ಕಬ್ಬನ್ನು ಎರಡು ಮೂರು ದಿನದಲ್ಲಿ ಕಡಿದು ಗಾಣಕ್ಕೆ ಹಾಕದಿದ್ದರೆ ಹುಳಿಯುತ್ತದೆ. ಮಾರನೆಯ ಬೆಳಿಗ್ಗೆ ನಾನೂ ಸೊಸೆಯೂ ಮಚ್ಚು ಹಿಡಿದು ಬದು ದಾಟಿದೆವು. ಯಾರೂ ಕರೆದಿರಲಿಲ್ಲ. ಸುಟ್ಟ ಕಬ್ಬು ಮುಟ್ಟಿದರೆ ಮೈಯೆಲ್ಲ ಮಸಿ. ಅವನು ಆಲೆಮನೆಗೆ ಗಾಡಿ ಗೊತ್ತು ಮಾಡಿ ಬರುವ ಹೊತ್ತಿಗೆ ನಾವು ಒಂದು ಸಾಲು ಮುಗಿಸಿದ್ದೆವು. ಅವನು ನನ್ನ ಮುಖ ನೋಡಿ ನಕ್ಕ.

"ಏನ್ ದೊಡ್ಡವ್ವ, ಮಾರಿ ಆಗ್ಬುಟ್ಟಿದ್ದೀಯಲ್ಲ."

"ನೀನೇನ್ ಬೆಳ್ಳಗಿದ್ದೀಯಾ? ಒರೆ ಕಟ್ಟು, ಗಾಡಿ ಬತ್ತದೆ."

ಹೊರೆ ಕಟ್ಟುತ್ತಾ ಕೇಳಿದ: "ಕಾಲ್ವೆ ಏನ್ಮಾಡ್ಲಿ? ತಿರುಗಾ ಮುಚ್ಲಾ?"

"ಮುಚ್ಚು ನೋಡಾನ. ಮಚ್ಚು ಕೈಲೇ ಐತೆ."

ಪೈಪು ಮತ್ತೆ ತರಲಿಲ್ಲ. ನೀರು ಕಾಲುವೆಯಲ್ಲೇ ಬರುತ್ತಿದೆ. ಬದು ಅಲ್ಲಲ್ಲಿ ಕೊರೆಯುತ್ತದೆ, ಅವನು ಹೇಳಿದ್ದು ಸುಳ್ಳಲ್ಲ. ಕೊರೆದಾಗಲೆಲ್ಲ ನಾನೇ ಮಣ್ಣು ಹಾಕಿ ತುಳಿಯುತ್ತೇನೆ. ಈ ಸಲ ಕಬ್ಬು ಕಡಿದ ಮೇಲೆ ಬದುವಿನ ಹತ್ತಿರ ನಿಂತು, ಸಂಜೆ ತರಗು ಸುಡ್ತೀನಿ, ಬಾರ್ಲಾ ಅಂತ ಕೂಗಿದೆ. ಅವನು ಗುದ್ದಲಿ ಹಿಡಿದುಕೊಂಡೇ ಬಂದ.