ಖಾಸಿಂಸಾಬರ ಜಾಗದಲ್ಲಿ ಕೂತು

ಹೈದರಾಬಾದ್ ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಐದನೆಯ ದಿನ, ಊಟದ ಹೊತ್ತು ದಾಟಿದ ಮೇಲೆ, ನಾನು ಸುರಪುರದಲ್ಲಿ ಖಾಸಿಂಸಾಬರ ಹೊಲಿಗೆ ಅಂಗಡಿಯ ಕಟ್ಟೆಯ ಎಡತುದಿಗೆ ನಿಂತಿದ್ದೆ. ಒಂದು ಕಾಲು ಚಪ್ಪಲಿಯಲ್ಲಿತ್ತು, ಇನ್ನೊಂದು ಹೊರಗೆ. ಇಷ್ಟು ನೆನಪಿರಲು ಕಾರಣವಿದೆ. ಚದುರಂಗದಲ್ಲಿ ನಾನು ಸುಧಾರಿಸಿದ್ದು ಅದೊಂದೇ ದಿನ.

ಆಟ ಸುಧಾರಿಸುವುದು ಹೇಗೆಂದು ಒಬ್ಬರು ಈಗಲೂ ನನ್ನನ್ನು ಕೇಳುತ್ತಾರೆ. ದಿನಾ ಖಾಸಿಂಸಾಬರಿಗೆ ಇಪ್ಪತ್ತು ನಡೆಯೊಳಗೆ ಸೋಲುತ್ತಿದ್ದ ಶಾಲಾ ಮಾಸ್ತರನನ್ನು ಕೇಳುವ ಪ್ರಶ್ನೆಯಲ್ಲ ಅದು. ನನ್ನ ರೋಗ ಅವಸರ. ಖಾಸಿಂಸಾಬರು ಹಲ್ಲಲ್ಲಿ ದಾರ ಕಚ್ಚಿಕೊಂಡೇ ಹೇಳುತ್ತಿದ್ದರು: "ಮಾಸ್ತರ, ಕೈ ತೊಡಿ ಕೆಳಗ ಇಟ್ಕೊಂಡು ಕೂಡ್ರಿ. ಅದು ನಿಮಗಿಂತ ಮೊದಲ ಓಡತದ." ಇನ್ನೊಂದು ಮಾತು: "ನಿಮ್ಮ ಆಟ ನನ್ನ ಕಡಿಂದ ನೋಡ್ರಿ."

ನೋಡಲು ಜಾಗ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ನಿಜಾಮನ ಪರದ ರಜಾಕಾರರು ನಮ್ಮಂಥ ಹಿಂದೂಗಳನ್ನು ಹೆದರಿಸುತ್ತ ಓಣಿಯಲ್ಲಿ ತಿರುಗುತ್ತಿದ್ದ ಆ ವರ್ಷವೆಲ್ಲ ನನ್ನನ್ನು ಗೋಡೆಗೆ ಮುಖ ಮಾಡಿ ಕೂಡಿಸಿ, ತಾವು ಬೀದಿಗೆ ಮುಖ ಮಾಡಿ ಕೂಡುತ್ತಿದ್ದರು. ಒಳ್ಳೆಯ ಬೆಳಕನ್ನು ತಾವೇ ಇಟ್ಟುಕೊಂಡಿದ್ದಾರೆಂದು ಮನೆಯಲ್ಲಿ ನನ್ನ ಸೋಲಿಗೆಲ್ಲ ನೆಪ ಹೇಳುತ್ತಿದ್ದೆ.

ಆ ದಿನ ಮಾತ್ರ ಕಾಲ ತಿರುಗಿತ್ತು; ರಜಾಕಾರರ ಮೇಲಿನ ಸೇಡನ್ನು ಜನ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು. "ಬಾಗಲಾ ಹಾಕ್ಕೊಂಡು ಒಳಗ ಇರ್ರಿ, ಚಾಚಾ," ಎಂದೆ.

"ಹಾಕಿದ ಬಾಗಲಾ ಕಂಡ್ರ ಒದಿಬೇಕು ಅನಸ್ತದ," ಎಂದು ಅವರು ಚದುರಂಗದ ಪಟ ಹಾಸಿದರು. "ಇವತ್ತು ನೀವು ನನ್ನ ಜಾಗಕ್ಕ ಕೂಡ್ರಿ."

ಕೂತೆ. ಬೀದಿಯೆಲ್ಲ ಕಂಡಿತು. ಬೇವಿನ ಮರದ ಕೆಳಗೆ ನಾಲ್ಕು ಜನ ಬಡಿಗೆ ಹಿಡಿದು ಅಂಗಡಿಯತ್ತಲೇ ನೋಡುತ್ತಿದ್ದರು. ಆ ವರ್ಷವೆಲ್ಲ ಬೀದಿಯಲ್ಲಿ ಹೋಗುವವರಿಗೆ ಕಂಡದ್ದು ಖಾಸಿಂಸಾಬರ ಮುಖ ಮತ್ತು ಯಾರದೋ ಬೆನ್ನು. ಆ ಬೆನ್ನು ನನ್ನದು. ಈಗ ಕಾಣಬೇಕಾದದ್ದು ನನ್ನ ಮುಖ.

ಸುಮ್ಮನೆ ಕೂತರೆ ಕಾವಲು ಕೂತಂತೆ; ಅವರಿಗೆ ಸಿಟ್ಟು ಬರಬಹುದು. ಆಡುತ್ತ ಕೂತರೆ ಎಂದಿನ ಮಾಸ್ತರ. ಆಟ ಮುಗಿಯಬಾರದು, ಅಷ್ಟೆ. ಕೈಗಳನ್ನು ತೊಡೆಯ ಕೆಳಗಿಟ್ಟೆ. ಅವರ ಆನೆ ಎಲ್ಲಿಗೆ ಬರಬಹುದು, ಒಂಟೆ ಯಾಕೆ ಸುಮ್ಮನಿದೆ ಎಂದು ಮೊದಲ ಸಲ ಕೇಳಿಕೊಂಡೆ. ಒಂದು ಪ್ಯಾದೆ ಸರಿಸಲು ನೆರಳು ಗೇಣುದ್ದ ಜರುಗುವಷ್ಟು ಹೊತ್ತು ತೆಗೆದುಕೊಂಡೆ.

ನಾಲ್ವರಲ್ಲೊಬ್ಬ ಎದ್ದು ಬಂದ. ಭೀಮಣ್ಣ, ನನ್ನ ಕೈಯಲ್ಲೇ ಅಕ್ಷರ ಕಲಿತವನು. "ಮಾಸ್ತರ, ಮನಿಗಿ ನಡೀರಿ. ಇಲ್ಲೇನು ಕೆಲಸ ನಿಮಗ?"

ಪಟದ ಮೇಲೇ ಕಣ್ಣಿಟ್ಟು ಹೇಳಿದೆ: "ಸೋಲಾಕತ್ತೇನಿ, ತಡಿ. ಸೋತ ಮ್ಯಾಲ ಹೋಗತೀನಿ."

ಅವನು ಪಟ ನೋಡಿದ. "ಇನ್ನೂ ಭಾಳ ಹೊತ್ತದ ಬಿಡ್ರಿ," ಎಂದ. ನಿಂತೇ ಇದ್ದ. ಎದುರು ಮನೆಯ ನಿಂಗಮ್ಮ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತ, ತಲೆ ಎತ್ತದೆಯೇ, "ಭೀಮ್ಯಾ, ನಿಂತು ನೋಡೂದಾದ್ರ ಆ ಬಡಿಗಿ ಕೆಳಗರ ಇಡೊ," ಎಂದಳು.

ಸಂಜೆಗೆ ಮರದ ಕೆಳಗೆ ಯಾರೂ ಇರಲಿಲ್ಲ. ಆಟ ಮುಗಿದಿರಲಿಲ್ಲ. ಮರುದಿನವೂ ಹೋಗಿ ಅದೇ ಜಾಗದಲ್ಲಿ ಕೂತೆ, ಅದರ ಮರುದಿನವೂ.

ಖಾಸಿಂಸಾಬರು ಎಷ್ಟೋ ವರ್ಷಗಳ ಮೇಲೆ ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಆ ದಿನದ ಆಟ ಕಂಡವರಲ್ಲಿ ನನ್ನ ಹೊರತು ಇನ್ನೂ ಬದುಕಿರುವವರು ಇಬ್ಬರು. ನಿಂಗಮ್ಮನಿಗೆ ಚದುರಂಗ ಬರುವುದಿಲ್ಲ. ಇನ್ನೊಬ್ಬ ಭೀಮಣ್ಣ, ಆಟ ಸುಧಾರಿಸುವುದು ಹೇಗೆಂದು ವಾರಕ್ಕೊಮ್ಮೆ ಬಂದು ಕೇಳುವವನು ಅವನೇ. ಎದ್ದು ನನ್ನ ಜಾಗದಲ್ಲಿ ಅವನನ್ನು ಕೂಡಿಸುತ್ತೇನೆ.